ಪಾರ್ಸೆಲ್ ಸಂದೇಶ: ಕೊಂಡಿ ಒತ್ತುವ ಮೊದಲು, ಒತ್ತಿದ ಮೇಲೆ

ಕಳೆದ ವರ್ಷ ಮಗಳ ಸೀಮಂತಕ್ಕೆಂದು ತರಿಸಿದ್ದ ಸೀರೆಗಾಗಿ ನನ್ನ ಅಕ್ಕ ನಾಲ್ಕು ದಿನದಿಂದ ಕಾಯುತ್ತಿದ್ದಳು. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ಅವಳು. ಹಾಲಿನವನ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುತ್ತಾಳೆ. ಮಧ್ಯಾಹ್ನ ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯದಕ್ಕೂ ನಡುವೆ ಅವಳ ಫೋನಿಗೆ ಸಂದೇಶ ಬಂತು: ನಿಮ್ಮ ಪೊಟ್ಟಣ ಗೋದಾಮಿಗೆ ಬಂದಿದೆ, ಎರಡು ಬಾರಿ ತಲುಪಿಸಲು ಯತ್ನಿಸಿದೆವು, ವಿಳಾಸ ಅಪೂರ್ಣವಾಗಿದೆ, 48 ಗಂಟೆಯೊಳಗೆ ಸರಿಪಡಿಸದಿದ್ದರೆ ವಾಪಸು ಹೋಗುತ್ತದೆ. ಕೆಳಗೆ ಒಂದು ಕೊಂಡಿ.

ಒತ್ತಿದರೆ ಅಂಚೆ ಇಲಾಖೆಯ ಕೆಂಪು-ಹಳದಿ ಬಣ್ಣದ ಪುಟ ತೆರೆಯಿತು. ಹೆಸರು, ಮನೆ ಸಂಖ್ಯೆ, ಪಿನ್‌ಕೋಡ್ ಕೇಳಿತು, ಕೊಟ್ಟಳು. ಮತ್ತೆ ತಂದುಕೊಡಲು 25 ರೂಪಾಯಿ 2 ಪೈಸೆ ಶುಲ್ಕ ಎಂದಿತು. ಆ ಎರಡು ಪೈಸೆಯೇ ತನ್ನನ್ನು ನಂಬಿಸಿತು ಎಂದು ಅಕ್ಕ ಆಮೇಲೆ ಹೇಳಿದಳು. ಕಳ್ಳ ಪೈಸೆಯ ಲೆಕ್ಕ ಇಡುತ್ತಾನೆಂದು ಯಾರಿಗೆ ಹೊಳೆಯುತ್ತದೆ? ಕಾರ್ಡಿನ ಸಂಖ್ಯೆ ಹಾಕಿದಳು, ಹಿಂಬದಿಯ ಮೂರು ಅಂಕಿ ಹಾಕಿದಳು. ಓಟಿಪಿ ಬಂತು. ಬ್ಯಾಂಕಿನ ಆ ಸಂದೇಶದಲ್ಲಿ 38,400 ರೂಪಾಯಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅವಳ ಕಣ್ಣು ಆರು ಅಂಕಿಗಳನ್ನು ಮಾತ್ರ ಹೆಕ್ಕಿಕೊಂಡಿತು.

ಇಂಥ ಮೋಸಕ್ಕೆ ಬೀಳುವವರು ದುರಾಸೆಯವರು, ತಿಳಿವಳಿಕೆ ಇಲ್ಲದವರು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅಕ್ಕ ಯಾವ ಬಹುಮಾನಕ್ಕೂ ಕೈಚಾಚಿರಲಿಲ್ಲ. ತನ್ನದೇ ದುಡ್ಡು ಕೊಟ್ಟು ಕೊಂಡ ಸೀರೆ ಮನೆಗೆ ಬರಲಿ ಎಂದು ಕಾಯುತ್ತಿದ್ದಳು, ಅಷ್ಟೇ. ಕಳ್ಳರಿಗೆ ಆ ಸೀರೆಯ ವಿಷಯವೂ ಗೊತ್ತಿರಲಿಲ್ಲ. ಕಂಡ ಕಂಡ ಸಂಖ್ಯೆಗಳಿಗೆಲ್ಲ ಒಂದೇ ಸಂದೇಶ ಹರಿಯಬಿಟ್ಟರೆ, ಆ ದಿನ ಏನನ್ನಾದರೂ ಎದುರುನೋಡುತ್ತಿರುವವರು ಅವರಲ್ಲಿ ಇದ್ದೇ ಇರುತ್ತಾರೆ. 2024ರಲ್ಲಿ ಈ ಸಂದೇಶ ದೇಶದಾದ್ಯಂತ ಹರಿದಾಡಿದಾಗ ಕೇಂದ್ರ ಸರ್ಕಾರದ ವಾರ್ತಾ ಕಚೇರಿಯಾದ ಪಿಐಬಿಯ ಸತ್ಯಶೋಧನಾ ಘಟಕ ಇದು ನಕಲಿ ಎಂದು ಪ್ರಕಟಿಸಿತು. ವಿಳಾಸ ಸರಿಪಡಿಸಿ ಎಂದು ಕೊಂಡಿ ಕಳುಹಿಸುವ ಪದ್ಧತಿ ಅಂಚೆ ಇಲಾಖೆಯಲ್ಲಿ ಇಲ್ಲ ಎಂದೂ ಹೇಳಿತು. ಅದೇ ವರ್ಷದ ಜನವರಿಯಿಂದ ಜುಲೈವರೆಗೆ ಅಂಚೆ ಇಲಾಖೆಯ ಹೆಸರನ್ನು ಹೋಲುವ 470ಕ್ಕೂ ಹೆಚ್ಚು ಜಾಲವಿಳಾಸಗಳು ನೋಂದಣಿಯಾಗಿದ್ದನ್ನು ಭದ್ರತಾ ಸಂಸ್ಥೆ ಫೋರ್ಟಿನೆಟ್ ಗುರುತಿಸಿತ್ತು.

ಹಂತ 1: ಸಂದೇಶಕ್ಕೆ ನಿಮ್ಮ ಬಗ್ಗೆ ಏನು ಗೊತ್ತಿದೆ ಎಂದು ನೋಡಿ

ಸಂದೇಶವನ್ನು ಇನ್ನೊಮ್ಮೆ, ನಿಧಾನವಾಗಿ ಓದಿ. ಅದರಲ್ಲಿ ನಿಮ್ಮ ಹೆಸರಿದೆಯೇ? ಕಳುಹಿಸಿದವರು ಯಾರೆಂದು ಇದೆಯೇ? ಪಾರ್ಸೆಲಿನ ಸಂಖ್ಯೆ ಇದೆಯೇ? ಅಕ್ಕನಿಗೆ ಬಂದದ್ದರಲ್ಲಿ ಯಾವುದೂ ಇರಲಿಲ್ಲ. ಎಲ್ಲವನ್ನೂ ಅದು ಅವಳಿಂದಲೇ ಕೇಳಿ ತಿಳಿದುಕೊಂಡಿತು. ಎರಡು ಬಾರಿ ಮನೆ ಬಾಗಿಲಿಗೆ ಬಂದು ಹೋದವರು ಮನೆ ಎಲ್ಲಿದೆ ಎಂದು ಕೇಳುತ್ತಾರೆಯೇ?

ಅಂಚೆ ಮೂಲಕ ಬರುವ ಸ್ಪೀಡ್ ಪೋಸ್ಟಿಗೆ 13 ಸ್ಥಾನಗಳ ಸಂಖ್ಯೆ ಇರುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ಐ ಮತ್ತು ಎನ್. ಒಂಬತ್ತನೆಯ ಅಂಕಿ ತಾಳೆ ಅಂಕಿ. ಮೊದಲ ಎಂಟು ಅಂಕಿಗಳಲ್ಲಿ ಒಂದೊಂದನ್ನೂ ಗೊತ್ತುಪಡಿಸಿದ ಸಂಖ್ಯೆಯಿಂದ ಗುಣಿಸಿ, ಕೂಡಿಸಿ, ಹನ್ನೊಂದರಿಂದ ಭಾಗಿಸಿ, ಉಳಿದ ಶೇಷದಿಂದ ಅದನ್ನು ಪಡೆಯುತ್ತಾರೆ. ಬಾಯಿಗೆ ಬಂದ ಸಂಖ್ಯೆ ಈ ಲೆಕ್ಕಕ್ಕೆ ಕೂಡುವುದು ಕಷ್ಟ. ಇದನ್ನು ಹೇಳಿದಾಗ ಅಕ್ಕ ಕಾಗದ ಹಿಡಿದು ತನ್ನ ರಸೀದಿಯ ಸಂಖ್ಯೆಯನ್ನು ತಾಳೆ ನೋಡಿದಳು, ಸರಿಹೋಯಿತು. ನೀವು ಅಷ್ಟು ಮಾಡಬೇಕಾಗಿಲ್ಲ. ಕಳುಹಿಸಿದವರಿಂದ ಸಂಖ್ಯೆ ಕೇಳಿ ಪಡೆದು, ಬರೆದಿಟ್ಟುಕೊಂಡರೆ ಸಾಕು. ಖಾಸಗಿ ಕೊರಿಯರ್ ಸಂಸ್ಥೆಗಳಿಗೂ ಅವುಗಳದೇ ಸಂಖ್ಯೆ ಇರುತ್ತದೆ.

ಅಂದಹಾಗೆ ಸೀರೆ ಮರುದಿನವೇ ಬಂತು. ಅಂಚೆಯಣ್ಣ ಗೇಟಿನ ಬಳಿ ಹೆಸರು ಹಿಡಿದು ಕೂಗಿದರು. ಪೊಟ್ಟಣದ ಮೇಲೆ ವಿಳಾಸ ಮನೆ ಸಂಖ್ಯೆಯಿಂದ ಪಿನ್‌ಕೋಡಿನವರೆಗೆ ಪೂರ್ತಿ ಇತ್ತು.

ಹಂತ 2: ಕಳುಹಿಸಿದವರ ಸಾಲು ನೋಡಿ

ನಮ್ಮ ದೇಶದಲ್ಲಿ ಬ್ಯಾಂಕು, ಅಂಗಡಿ, ಸರ್ಕಾರಿ ಇಲಾಖೆಗಳ ಎಸ್‌ಎಂಎಸ್ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ, ನೋಂದಾಯಿತ ಅಕ್ಷರಗಳ ತಲೆಬರಹದಿಂದ ಬರುತ್ತದೆ. 2025ರಿಂದ ಆ ತಲೆಬರಹದ ತುದಿಯಲ್ಲಿ ಗೆರೆ ಹಾಕಿ ಒಂದು ಅಕ್ಷರವನ್ನೂ ಸೇರಿಸುತ್ತಾರೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. 2024ರ ಅಕ್ಟೋಬರ್ 1ರಿಂದ ಮೊದಲೇ ನೋಂದಾಯಿಸದ ಕೊಂಡಿಗಳಿರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ದೂರಸಂಪರ್ಕ ಕಂಪನಿಗಳಿಗೆ ಆದೇಶಿಸಿದೆ.

ಆದರೆ ಈ ಬೇಲಿ ಇರುವುದು ಎಸ್‌ಎಂಎಸ್‌ಗೆ ಮಾತ್ರ. ಹಾಗಾಗಿಯೇ ಕಳ್ಳರು ವಾಟ್ಸ್‌ಆ್ಯಪ್‌ಗೆ, ಐಫೋನಿನ ಐಮೆಸೇಜ್‌ಗೆ ದಾಟಿಕೊಂಡಿದ್ದಾರೆ. ವಿದೇಶಿ ಸಂಖ್ಯೆಯಿಂದಲೋ ಯಾವುದೋ ಇಮೇಲ್ ವಿಳಾಸದಿಂದಲೋ ‘ಅಂಚೆ ಇಲಾಖೆ’ ಮಾತನಾಡುತ್ತಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಐಫೋನಿನಲ್ಲಿ ಇನ್ನೊಂದು ಗುರುತಿದೆ: ‘ವೈ ಎಂದು ಉತ್ತರಿಸಿ, ಸಂದೇಶ ಮುಚ್ಚಿ ಮತ್ತೆ ತೆರೆಯಿರಿ’ ಎಂಬ ಸೂಚನೆ. ಅಪರಿಚಿತರು ಕಳುಹಿಸಿದ ಕೊಂಡಿ ಕೆಲಸ ಮಾಡದಂತೆ ಫೋನೇ ತಡೆದಿರುತ್ತದೆ. ನೀವು ಉತ್ತರಿಸಿದರೆ ಪರಿಚಿತರೆಂದು ಭಾವಿಸಿ ತಡೆ ತೆಗೆಯುತ್ತದೆ. ಬೀಗವನ್ನು ನಿಮ್ಮ ಕೈಯಿಂದಲೇ ತೆಗೆಸುವ ಉಪಾಯ ಅದು.

ಹಂತ 3: ಕೊಂಡಿಯನ್ನು ಹಿಂದಿನಿಂದ ಓದಿ

ಕಾಗದದ ವಿಳಾಸದಲ್ಲಿ ಮನೆ ಮೊದಲು, ಊರು ಕೊನೆಗೆ. ಜಾಲವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ಅಂಚೆ ಇಲಾಖೆಯ ನಿಜವಾದ ವಿಳಾಸ ‘ಇಂಡಿಯಾಪೋಸ್ಟ್ ಡಾಟ್ ಗವ್ ಡಾಟ್ ಇನ್’. ಗವ್ ಡಾಟ್ ಇನ್ ಎಂಬ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ನಕಲಿ ಕೊಂಡಿಯಲ್ಲಿ ಇಂಡಿಯಾ, ಪೋಸ್ಟ್, ಗವ್ ಎಲ್ಲವೂ ಮುಂದೆ ಮೆರವಣಿಗೆ ಹೊರಟಿರುತ್ತವೆ. ಕೊನೆಯಲ್ಲಿ ಡಾಟ್ ಟಾಪ್, ಡಾಟ್ ವಿಐಪಿ ಎಂಬಂಥ ಬಾಲ. ಇವನ್ನು ಯಾರು ಬೇಕಾದರೂ ಸ್ವಲ್ಪ ದುಡ್ಡಿಗೆ ಕೊಳ್ಳಬಹುದು. ಪುಟದ ಮೇಲೆ ಬೀಗದ ಚಿತ್ರ ಕಂಡಿತೆಂದು ನಂಬಬೇಡಿ; ಕಳ್ಳನ ಪುಟಕ್ಕೂ ಆ ಬೀಗ ಪುಕ್ಕಟೆ ಸಿಗುತ್ತದೆ.

ಹಂತ 4: ನಿಮ್ಮದೇ ದಾರಿಯಿಂದ ಹೋಗಿ

ಇದೊಂದು ಅಭ್ಯಾಸವಿದ್ದರೆ ಹಿಂದಿನ ಮೂರು ಹಂತಗಳು ಮರೆತರೂ ನಡೆಯುತ್ತದೆ. ಸಂದೇಶ ನಿಜವಿರಲಿ, ಸುಳ್ಳಿರಲಿ, ಅದರೊಳಗಿನ ಕೊಂಡಿಯಿಂದ ಹೋಗಬೇಡಿ. ನೀವು ಕೊಂಡ ಅಂಗಡಿಯ ಆ್ಯಪ್ ತೆರೆದು ‘ನನ್ನ ಆರ್ಡರ್’ ನೋಡಿ. ಅಂಚೆಯದಾದರೆ ಇಲಾಖೆಯ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆದು, ಸಂಖ್ಯೆ ಹಾಕಿ. ಇಲ್ಲವೇ 1800 266 6868ಕ್ಕೆ ಕರೆ ಮಾಡಿ. ಊರಿನ ಅಂಚೆ ಕಚೇರಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ಸಂಖ್ಯೆ’ ಎಂದು ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ, ಅಲ್ಲಿಯೂ ನಕಲಿ ಸಂಖ್ಯೆಗಳು ಕುಳಿತಿರುತ್ತವೆ.

ಇದೇ ಮೋಸದ ಬೇರೆ ವೇಷಗಳನ್ನೂ ಗುರುತಿಟ್ಟುಕೊಳ್ಳಿ. ಡೆಲಿವರಿ ಹುಡುಗ ಎಂದು ಹೇಳಿಕೊಂಡವನು ‘ವಿಳಾಸ ಸಿಗುತ್ತಿಲ್ಲ, ಈ ಸಂಖ್ಯೆ ಒತ್ತಿ’ ಎಂದು *21* ಅಥವಾ *401*ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ಅದು ನಿಮ್ಮ ಕರೆಗಳನ್ನು ಅವನ ಫೋನಿಗೆ ತಿರುಗಿಸುವ ಆಜ್ಞೆ. ಕರೆಯ ಮೂಲಕ ಬರುವ ಓಟಿಪಿಯೂ ಅವನಿಗೇ ಹೋಗುತ್ತದೆ. ಒತ್ತಿಬಿಟ್ಟಿದ್ದರೆ ತಕ್ಷಣ ##002# ಒತ್ತಿ, ಎಲ್ಲ ಕರೆ ವರ್ಗಾವಣೆ ರದ್ದಾಗುತ್ತದೆ. ನೀವು ತರಿಸದ ಪಾರ್ಸೆಲನ್ನು ‘ರದ್ದು ಮಾಡಲು’ ಓಟಿಪಿ ಕೇಳಿದರೆ ಕೊಡಬೇಡಿ; ಬೇಡದ ವಸ್ತುವನ್ನು ಬಾಗಿಲಲ್ಲೇ ನಿರಾಕರಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ, ಅದು ನಿಮ್ಮ ಫೋನಿನ ಸಂದೇಶಗಳನ್ನು ಓದುವ ಆ್ಯಪ್ ಆಗಿರುತ್ತದೆ. ಇನ್ನು ‘ನಿಮ್ಮ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಯಲ್ಲೇ ಇರಿ’ ಎನ್ನುವವರು. ಹೀಗೆ ಕರೆಯಲ್ಲೇ ಕಟ್ಟಿಹಾಕುವುದನ್ನು ಅವರು ಡಿಜಿಟಲ್ ಬಂಧನ ಎನ್ನುತ್ತಾರೆ; ಅಂಥದ್ದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿದರೆ ಯಾರೂ ಬಂದು ನಿಮ್ಮನ್ನು ಹಿಡಿಯುವುದಿಲ್ಲ.

ಹಂತ 5: ದುಡ್ಡು ಹೋಗಿಬಿಟ್ಟಿದ್ದರೆ

ಅಕ್ಕ ನಮಗೆ ಹೇಳಿದ್ದು ಸಂಜೆ ಆರೂವರೆಗೆ. ಅಷ್ಟು ಹೊತ್ತು ದೇವರ ಮನೆಯಲ್ಲಿ ಕುಳಿತಿದ್ದಳು. ‘ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು’ ಎಂದು ಅತ್ತಳು. ಐದು ಗಂಟೆಯನ್ನು ನಾಚಿಕೆ ನುಂಗಿತು. ಕದ್ದ ದುಡ್ಡು ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ, ಬಾಡಿಗೆ ಖಾತೆಗಳಲ್ಲಿ ಕೈಯಿಂದ ಕೈಗೆ ಹಾರುತ್ತದೆ. ಆಮೇಲೆ ಎಟಿಎಂನಲ್ಲೋ ಗಿಫ್ಟ್ ಕಾರ್ಡಿನಲ್ಲೋ ಕರಗುತ್ತದೆ. ಆದ್ದರಿಂದ ಮನೆಯಲ್ಲಿ ಯಾರಾದರೂ ಹೀಗೆ ಮೋಸ ಹೋದೆ ಎಂದರೆ ಬೈಯಬೇಡಿ, ಫೋನ್ ಕೈಗೆತ್ತಿಕೊಳ್ಳಿ.

ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಥವಾ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ. ಇನ್ನೊಬ್ಬರು ಅದೇ ಹೊತ್ತಿಗೆ ಇನ್ನೊಂದು ಫೋನಿನಿಂದ 1930ಕ್ಕೆ ಕರೆ ಮಾಡಲಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ದಾಖಲಾದ ದೂರು ನೇರವಾಗಿ ಬ್ಯಾಂಕುಗಳಿಗೆ ಹೋಗಿ, ದುಡ್ಡು ಸೇರಿದ ಖಾತೆಯಲ್ಲಿ ಉಳಿದಷ್ಟನ್ನು ತಡೆಹಿಡಿಯುತ್ತಾರೆ. ಕರೆ ಮಾಡುವಾಗ ಹೋದ ಮೊತ್ತ, ಸಮಯ, ಖಾತೆ ಅಥವಾ ಕಾರ್ಡಿನ ಕೊನೆಯ ನಾಲ್ಕು ಅಂಕಿ, ವಹಿವಾಟಿನ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಸಾಲು ಸಿಗದಿದ್ದರೆ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ನೀವೇ ದೂರು ದಾಖಲಿಸಿ. ಕಳ್ಳರ ಸಂದೇಶವನ್ನು ಸಿಟ್ಟಿನಿಂದ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಸಾಕ್ಷಿ ಅದೇ.

ಆಮೇಲೆ ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ. ಓಟಿಪಿಯನ್ನು ನಾವೇ ಕೊಟ್ಟಿದ್ದರೆ ಬ್ಯಾಂಕು ಅದನ್ನು ನಿರ್ಲಕ್ಷ್ಯ ಎನ್ನುತ್ತದೆ, ಆಗ ದೂರು ಕೊಡುವವರೆಗಿನ ನಷ್ಟ ನಮ್ಮದೇ. ದೂರು ಕೊಟ್ಟ ನಂತರ ಹೋದದ್ದು ಬ್ಯಾಂಕಿನದು. ಸ್ವೀಕೃತಿಯ ಮೇಲಿನ ಸಮಯ ಮುಖ್ಯವಾಗುವುದು ಇಲ್ಲಿಯೇ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು) ಅಪರಾಧ ಠಾಣೆಗಳಿವೆ, 1930ರ ದೂರಿನ ಸಂಖ್ಯೆ ಹಿಡಿದು ಅಲ್ಲಿಗೆ ಹೋಗಿ. ತಡೆಹಿಡಿದ ದುಡ್ಡು ಮರಳಿ ಬರಲು ನ್ಯಾಯಾಲಯದ ಆದೇಶ ಬೇಕಾಗಬಹುದು.

ಎಪಿಕೆ ಹಾಕಿಕೊಂಡಿದ್ದರೆ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ ಆ ಆ್ಯಪ್ ತೆಗೆದುಹಾಕಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ದುಡ್ಡು ಹೋಗದೆ ಬರಿಯ ಸಂದೇಶ ಬಂದಿದ್ದರೆ ಅದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ, 2024ರ ಮಾರ್ಚ್‌ನಲ್ಲಿ ಆರಂಭವಾದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ. ಎರಡು ನಿಮಿಷದ ಕೆಲಸ.

ಅಕ್ಕನ 38,400ರಲ್ಲಿ ತಡೆಯಲು ಆದದ್ದು 11,000 ಮಾತ್ರ. ಮೂರು ವಾರದ ಬಳಿಕ ಅವಳಿಗೆ ಇನ್ನೊಂದು ಕರೆ ಬಂತು. ಸೈಬರ್ ಘಟಕದವರಂತೆ, ದುಡ್ಡು ಪತ್ತೆಯಾಗಿದೆಯಂತೆ, ಬಿಡುಗಡೆಗೆ 1,200 ರೂಪಾಯಿ ಕಟ್ಟಬೇಕಂತೆ. ಮೋಸ ಹೋದವರನ್ನು ಹೀಗೆ ಎರಡನೆಯ ಸಲ ಹುಡುಕಿಕೊಂಡು ಬರುವವರಿದ್ದಾರೆ. ಪೊಲೀಸರು ದುಡ್ಡು ವಾಪಸು ಕೊಡಿಸಲು ಶುಲ್ಕ ಕೇಳುವುದಿಲ್ಲ. ಅಕ್ಕ ದೂರಿನ ಸಂಖ್ಯೆ ಹೇಳಿ ಎಂದಳು. ಆ ಕಡೆಯವನು ತಡವರಿಸಿ, ‘ನಿಮ್ಮ ಹತ್ತಿರ ಇದೆಯಲ್ಲ, ನೀವೇ ಹೇಳಿ’ ಎಂದ. ಅವಳು ಕರೆ ಕತ್ತರಿಸಿ, ಅದು ಬಂದ ಫೋನ್ ಸಂಖ್ಯೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡು ಠಾಣೆಗೆ ಫೋನ್ ಮಾಡಿದಳು.