ಡಾರ್ಕ್ ವೆಬ್‌ನಲ್ಲಿ ಕಾರ್ಖಾನೆಯ ಕಡತ ಹುಡುಕಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಸಣ್ಣ ಕಾರ್ಖಾನೆಗಳು, ಗದಗದ ಮುದ್ರಣಾಲಯಗಳು, ಬ್ಯಾಡಗಿಯ ಮೆಣಸಿನಕಾಯಿ ವರ್ತಕರ ಅಂಗಡಿಗಳು, ಇವುಗಳ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಪ್ರಿಂಟರ್ ಕೆಟ್ಟರೂ ಫೋನ್ ನನಗೇ, ಟ್ಯಾಲಿ ತೆರೆಯದಿದ್ದರೂ ನನಗೇ. ಮಾಮೂಲಿ ಬ್ರೌಸರ್‌ನಲ್ಲಿ ತೆರೆಯದ, ಗುರುತು ಮರೆಮಾಚಿದ ತಾಣಗಳ ಜಾಲವಾದ ಡಾರ್ಕ್ ವೆಬ್ ಒಳಗೆ ನಾನು ಕಾಲಿಟ್ಟಿದ್ದು ಕುತೂಹಲಕ್ಕಲ್ಲ. ವಾಲ್ವ್ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕಡತಗಳನ್ನು ಯಾರೋ ನಕಲು ಮಾಡಿಕೊಂಡು, ಮೂಲಕ್ಕೆ ಬೀಗ ಜಡಿದು, ಹಣ ಕೊಡದಿದ್ದರೆ ಎಲ್ಲವನ್ನೂ ಬಯಲಿಗಿಡುತ್ತೇವೆ ಎಂದು ಬೆದರಿಸಿದ್ದರು. ಪ್ರತಿ ಫೋಲ್ಡರ್‌ನಲ್ಲೂ ಒಂದೊಂದು ಪಠ್ಯ ಕಡತ ಬಿದ್ದಿತ್ತು. ಅದರ ಕೊನೆಯಲ್ಲಿ ಡಾಟ್ ಆನಿಯನ್ ಎಂದು ಮುಗಿಯುವ, ಅರ್ಥವೇ ಇಲ್ಲದ ಅಕ್ಷರಗಳ ಉದ್ದನೆಯ ಎರಡು ವಿಳಾಸಗಳಿದ್ದವು.

ಮಾಲೀಕರಿಗೆ ಕಾಡಿದ್ದು ಒಂದೇ ಪ್ರಶ್ನೆ: ನಮ್ಮ ಡ್ರಾಯಿಂಗ್‌ಗಳು ನಿಜವಾಗಿಯೂ ಅವರ ಕೈಯಲ್ಲಿವೆಯೇ? ಆ ಡ್ರಾಯಿಂಗ್‌ಗಳು ಅವರವೂ ಅಲ್ಲ, ಗ್ರಾಹಕ ಕಂಪನಿಗಳವು. ಗೋಪ್ಯತೆ ಕಾಪಾಡುತ್ತೇವೆಂದು ಸಹಿ ಹಾಕಿ ಪಡೆದಂಥವು. ಲೆಕ್ಕಪತ್ರದ ಚಿಂತೆ ಅಷ್ಟಿರಲಿಲ್ಲ, ಏಕೆಂದರೆ ಟ್ಯಾಲಿಯ ಬ್ಯಾಕಪ್ ಇದ್ದ ಹಾರ್ಡ್ ಡಿಸ್ಕ್ ಮಾಲೀಕರ ಮನೆಯ ಕಪಾಟಿನಲ್ಲಿ ಯಾವ ತಂತಿಗೂ ಸಿಕ್ಕಿಸದೆ ಸುರಕ್ಷಿತವಾಗಿತ್ತು.

ಆ ವಿಳಾಸಗಳನ್ನು ತೆರೆಯುವ ಮೊದಲು ಮಾಡಬೇಕಾದ ಕೆಲಸಗಳಿದ್ದವು. ನೆಟ್‌ವರ್ಕ್ ತಂತಿಗಳನ್ನು ಕಿತ್ತು ಹಾಕಿದೆವು, ಆದರೆ ಕಂಪ್ಯೂಟರ್‌ಗಳನ್ನು ಆರಿಸಲಿಲ್ಲ. ಮೆಮೊರಿಯಲ್ಲಿರುವ ಕುರುಹು ಆರಿಸಿದ ಕೂಡಲೇ ಹೋಗಿಬಿಡುತ್ತದೆ. 2022ರ ಏಪ್ರಿಲ್‌ನ ಆದೇಶದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ಸಣ್ಣ ಕಾರ್ಖಾನೆಗಳವರಿಗೆ ಈ ವಿಷಯವೇ ತಿಳಿದಿರುವುದಿಲ್ಲ. ಅದನ್ನು ಕಳುಹಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ನಂತರ ಬೀಗ ಬಿದ್ದ ಕಡತವೊಂದನ್ನೂ ಬೆದರಿಕೆ ಪತ್ರವನ್ನೂ ನೋ ಮೋರ್ ರ‍್ಯಾನ್ಸಮ್ ತಾಣಕ್ಕೆ ಹಾಕಿ ನೋಡಿದೆ. ಯೂರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ತಾಣ ಅದು. ಬಯಲಾದ ಕೀಲಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಬೀಗಕ್ಕೆ ಅಲ್ಲಿ ಕೀಲಿ ಇರಲಿಲ್ಲ.

ಆ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಂಡು ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟೆ. ಪೆನ್ ಡ್ರೈವ್‌ಗೆ ಟೇಲ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಇದು ಪೆನ್ ಡ್ರೈವ್‌ನಿಂದಲೇ ಎದ್ದು ಮೆಮೊರಿಯಲ್ಲೇ ಓಡುತ್ತದೆ, ಆರಿಸಿದರೆ ಹಿಂದೆ ಏನನ್ನೂ ಉಳಿಸುವುದಿಲ್ಲ. ಅದರೊಂದಿಗೆ ಡಾಟ್ ಆನಿಯನ್ ವಿಳಾಸಗಳನ್ನು ತೆರೆಯಬಲ್ಲ ಟಾರ್ ಬ್ರೌಸರ್ ಬಂದೇ ಇರುತ್ತದೆ. ಡೌನ್‌ಲೋಡ್ ಆಗಿದ್ದು ಅಸಲಿಯೇ ಎಂದು ತಾಳೆ ನೋಡುವ ಸೌಲಭ್ಯ ಅಧಿಕೃತ ತಾಣದಲ್ಲೇ ಇದೆ. ಅದನ್ನು ಬಿಟ್ಟು ಮುಂದೆ ಹೋಗಬಾರದು. ಕಾರ್ಖಾನೆಯ ಇಂಟರ್ನೆಟ್ ಮುಟ್ಟದೆ ಪ್ರತ್ಯೇಕ ಸಿಮ್ ಬಳಸಿದೆ. ಬ್ರೌಸರ್‌ನ ಭದ್ರತಾ ಮಟ್ಟವನ್ನು ತುತ್ತತುದಿಗೆ ಏರಿಸಿದೆ. ಆಗ ತಾಣಗಳು ನಮ್ಮ ಬ್ರೌಸರ್‌ನಲ್ಲಿ ಓಡಿಸುವ ಜಾವಾಸ್ಕ್ರಿಪ್ಟ್ ಎಂಬ ಕೋಡ್ ನಿಲ್ಲುತ್ತದೆ, ಅರ್ಧ ತಾಣಗಳು ಕೆಟ್ಟದಾಗಿ ಕಾಣುತ್ತವೆ. ಕಾಣಲಿ. ಖಾತೆ ತೆರೆಯುವುದಿಲ್ಲ, ಯಾರೊಂದಿಗೂ ಚಾಟ್ ಮಾಡುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ, ಬೇರೆಯವರ ಕಡತ ಇಳಿಸಿಕೊಳ್ಳುವುದಿಲ್ಲ ಎಂದು ಮಾಲೀಕರಿಗೂ ಹೇಳಿಯೇ ಕುಳಿತಿದ್ದೆ.

ಭಾರತದಲ್ಲಿ ಟಾರ್ ಬಳಸುವುದು ಅಪರಾಧವಲ್ಲ. ಅಲ್ಲಿ ಹೋಗಿ ಏನು ಮಾಡುತ್ತೇವೆ ಎಂಬುದು ಅಪರಾಧವಾಗಬಹುದು. ಮಕ್ಕಳ ಲೈಂಗಿಕ ದೃಶ್ಯಗಳನ್ನು ಹುಡುಕುವುದು, ನೋಡುವುದು ಕೂಡ ಐಟಿ ಕಾಯ್ದೆಯ 67ಬಿ ಕಲಂ ಅಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ‘ಸುಮ್ಮನೆ ನೋಡಲು ಹೋಗಿದ್ದೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಟಾರ್ ಕೆಲಸ ಮಾಡುವ ಬಗೆ ಕೇಳಿದಷ್ಟು ನಿಗೂಢವಲ್ಲ. ಒಂದು ಪತ್ರವನ್ನು ಮೂರು ಲಕೋಟೆಗಳಲ್ಲಿ ಒಂದರೊಳಗೊಂದು ಹಾಕಿ ಮೂವರ ಕೈ ದಾಟಿಸಿದ ಹಾಗೆ. ಒಬ್ಬೊಬ್ಬರು ಒಂದೊಂದು ಲಕೋಟೆ ಮಾತ್ರ ಬಿಚ್ಚುತ್ತಾರೆ. ಮೊದಲನೆಯವನಿಗೆ ಕಳುಹಿಸಿದವರು ಗೊತ್ತು, ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಕೊನೆಯವನಿಗೆ ಎಲ್ಲಿಗೆ ಎಂದು ಗೊತ್ತು, ಕಳುಹಿಸಿದವರು ಗೊತ್ತಿಲ್ಲ. ಈ ವಿಚಾರ ಹುಟ್ಟಿದ್ದು 1990ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ. ಅದನ್ನು ಇಂದಿಗೂ ನಡೆಸುತ್ತಿರುವ ಟಾರ್ ಪ್ರಾಜೆಕ್ಟ್ 2006ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಆನಿಯನ್ ತಾಣಗಳಲ್ಲಿ ನೋಡುವವನ ಜೊತೆಗೆ ತಾಣ ನಡೆಸುವವನ ವಿಳಾಸವೂ ಮರೆಯಾಗುತ್ತದೆ. ಎರಡೂ ಕಡೆಯಿಂದ ಬಂದ ದಾರಿಗಳು ನಡುವಿನ ಒಂದು ಜಾಗದಲ್ಲಿ ಕೂಡುತ್ತವೆ. ವೇಗ ಸಾಯುವುದು ಇದರಿಂದಲೇ.

ಡೀಪ್ ವೆಬ್ ಬೇರೆ, ಡಾರ್ಕ್ ವೆಬ್ ಬೇರೆ ಎಂಬುದನ್ನೂ ಹೇಳಿಬಿಡುತ್ತೇನೆ. ವಿದ್ಯಾನಗರದ ಕಾಲೇಜು ಹುಡುಗರು ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಚಿತ್ರ ತೋರಿಸಿ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ನಿಮ್ಮ ಇಮೇಲ್ ಒಳಗಿರುವುದು, ಬ್ಯಾಂಕ್ ಖಾತೆಯ ಪುಟ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಆದ ಮೇಲೆ ಕಾಣುವುದು, ಇವೆಲ್ಲ ಡೀಪ್ ವೆಬ್. ಗೂಗಲ್‌ಗೆ ಸಿಗುವುದಿಲ್ಲ, ಅಷ್ಟೇ. ಡಾರ್ಕ್ ವೆಬ್ ಅದಕ್ಕೆ ಹೋಲಿಸಿದರೆ ತೀರ ಚಿಕ್ಕದು. ಟಾರ್ ಬಳಸುವವರಲ್ಲೂ ಹೆಚ್ಚಿನವರು ನೋಡುವುದು ಮಾಮೂಲಿ ತಾಣಗಳನ್ನೇ.

ಬೆದರಿಕೆ ಪತ್ರದಲ್ಲಿದ್ದ ಮೊದಲ ವಿಳಾಸ ಚಾಟ್ ಕೋಣೆಯದು. ಅದನ್ನು ಮುಟ್ಟಲಿಲ್ಲ, ಒಳಗೆ ಹೋದರೆ ಮಾತುಕತೆ ಶುರುವಾಯಿತೆಂದು ಅವರು ಗಡಿಯಾರ ಒತ್ತುತ್ತಾರೆ. ಎರಡನೆಯದು ಅವರ ಪ್ರದರ್ಶನದ ತಾಣ. ಸುಮಾರು ಹೊತ್ತು ತಿರುಗಿ ಪುಟ ತೆರೆಯಿತು. ಕಪ್ಪು ಹಿನ್ನೆಲೆ, ಚೌಕಗಳ ಸಾಲು, ಚೌಕಕ್ಕೊಂದು ಕಂಪನಿ. ಹೆಸರಿನ ಕೆಳಗೆ ಆ ಕಂಪನಿಯ ಜಾಲತಾಣದಿಂದಲೇ ಎತ್ತಿದ ಎರಡು ಸಾಲಿನ ಪರಿಚಯ, ದೇಶ, ವಾರ್ಷಿಕ ವಹಿವಾಟು, ಕೆಂಪು ಅಕ್ಷರಗಳಲ್ಲಿ ಉಳಿದ ಸಮಯ. ಯಾವುದೋ ದೇಶದ ದಂತ ಚಿಕಿತ್ಸಾಲಯ, ವಕೀಲರ ಕಚೇರಿ, ನಡುವೆ ನಮ್ಮ ಗೋಕುಲ ರಸ್ತೆಯ ಕಾರ್ಖಾನೆ. ಪರದೆಯನ್ನು ಮಾಲೀಕರತ್ತ ತಿರುಗಿಸಿದಾಗ ಅವರು ಮೊದಲು ಗಮನಿಸಿದ್ದು ತಮ್ಮ ವಹಿವಾಟನ್ನು ಹಲವು ಪಟ್ಟು ಹೆಚ್ಚಿಗೆ ಬರೆದಿದ್ದನ್ನು. ‘ಇಷ್ಟು ಇದ್ದಿದ್ದರೆ ನಾನು ಯಾಕೆ ಹೀಗಿರುತ್ತಿದ್ದೆ’ ಎಂದರು.

ಚೌಕದ ಒಳಗೆ ನಾಲ್ಕಾರು ಮಾದರಿ ಚಿತ್ರಗಳು. ಒಂದರಲ್ಲಿ ಸಂಬಳದ ಪಟ್ಟಿ, ಇನ್ನೊಂದರಲ್ಲಿ ಕಾರ್ಮಿಕರೊಬ್ಬರ ಆಧಾರ್ ಪ್ರತಿ, ಮತ್ತೊಂದರಲ್ಲಿ ಗ್ರಾಹಕ ಕಂಪನಿಯ ಮುದ್ರೆಯಿರುವ ಡ್ರಾಯಿಂಗ್. ಅಲ್ಲಿಗೆ ಮಾಲೀಕರ ಪ್ರಶ್ನೆಗೆ ಉತ್ತರ ಸಿಕ್ಕಿತು. ನನಗೆ ಉಪಯೋಗಕ್ಕೆ ಬಂದದ್ದು ಮಾತ್ರ ಕೆಳಗಿದ್ದ ಒಂದು ಕೊಂಡಿ: ಕದ್ದ ಕಡತಗಳ ಹೆಸರಿನ ಪಟ್ಟಿ. ಕಡತಗಳಲ್ಲ, ಬರೀ ಹೆಸರುಗಳು. ತಮ್ಮ ಸರಕು ನಿಜವೆಂದು ನಂಬಿಸಲು ಅವರು ಅದನ್ನು ಮುಂಚಿತವಾಗಿ ಹಾಕುತ್ತಾರೆ. ಪುಟಗಟ್ಟಲೆ ಉದ್ದದ ಆ ಪಟ್ಟಿಯನ್ನು ನಮ್ಮಲ್ಲಿದ್ದ ಫೋಲ್ಡರ್‌ಗಳ ಹೆಸರಿನೊಂದಿಗೆ ತಾಳೆ ಹಾಕಿದಾಗ ಯಾವ ಗ್ರಾಹಕರ ಡ್ರಾಯಿಂಗ್ ಹೋಗಿದೆ, ಯಾರದು ಹೋಗಿಲ್ಲ ಎಂಬುದು ಸ್ಪಷ್ಟವಾಯಿತು. ಹಣ ಕೊಡಬೇಕೇ ಎಂಬ ಚರ್ಚೆ ಅಲ್ಲಿಗೆ ತಣ್ಣಗಾಯಿತು. ಕೊಟ್ಟರೂ ನಕಲು ಅಳಿಸುತ್ತಾರೆಂಬ ಖಾತರಿ ಎಲ್ಲಿದೆ? 2024ರ ಫೆಬ್ರುವರಿಯಲ್ಲಿ ಬ್ರಿಟನ್ ಮತ್ತಿತರ ದೇಶಗಳ ಪೊಲೀಸರು ಲಾಕ್‌ಬಿಟ್ ಎಂಬ ತಂಡದ ಸರ್ವರ್‌ಗಳನ್ನು ವಶಪಡಿಸಿಕೊಂಡಾಗ, ಹಣ ಕೊಟ್ಟವರ ದತ್ತಾಂಶವೂ ಅಳಿಸದೆ ಅಲ್ಲೇ ಬಿದ್ದಿತ್ತು. ಪೊಲೀಸರು ಆ ತಂಡದ ತಾಣವನ್ನೇ ಬಳಸಿ, ಅದೇ ಚೌಕಗಳಲ್ಲಿ, ಅದೇ ಓಡುವ ಗಡಿಯಾರ ಇಟ್ಟು ತಂಡದ ಗುಟ್ಟುಗಳನ್ನು ಒಂದೊಂದಾಗಿ ಹೊರಹಾಕಿದ್ದರು. ಪೊಲೀಸರಿಗೂ ಹಾಸ್ಯಪ್ರಜ್ಞೆ ಇರುತ್ತದೆ.

ಬಂದವನು ಸುತ್ತಮುತ್ತ ಒಂದು ಸುತ್ತು ನೋಡಿದೆ. ಹುಡುಕಲು ಅಹ್ಮಿಯಾ ಬಳಸಿದೆ. ಮಕ್ಕಳ ಮೇಲಿನ ದೌರ್ಜನ್ಯದ ತಾಣಗಳನ್ನು ಅದು ತನ್ನ ಪಟ್ಟಿಯಿಂದ ಹೊರಗಿಡುತ್ತದೆ. ಕಂಡದ್ದರಲ್ಲಿ ಬಹುಪಾಲು ಸತ್ತ ಕೊಂಡಿಗಳು ಮತ್ತು ಮೋಸ. ಖೋಟಾ ನೋಟು, ಹಣ ತುಂಬಿದ ಕಾರ್ಡ್, ಅರ್ಧ ಬೆಲೆಗೆ ಐಫೋನ್, ಹಣ ದುಪ್ಪಟ್ಟು ಮಾಡುವ ಬಿಟ್‌ಕಾಯಿನ್ ಯೋಜನೆ. ಮೋಸ ಹೋದವನು ದೂರು ಕೊಡಲು ಹೋಗಲಾರ ಎಂಬುದೇ ಈ ಅಂಗಡಿಗಳ ಬಂಡವಾಳ. ಸುಪಾರಿ ಕೊಲೆಯ ತಾಣಗಳದೂ ಇದೇ ಕತೆ. ಬೆಸಾ ಮಾಫಿಯಾ ಎಂಬ ತಾಣದ ಒಳಗಿನ ಸಂದೇಶಗಳು 2016ರಲ್ಲಿ ಸೋರಿಕೆಯಾದಾಗ, ಅದು ಹಣ ಕಿತ್ತುಕೊಂಡು ಕೈ ಎತ್ತುವ ವ್ಯವಹಾರವೆಂದು ಬಯಲಾಯಿತು. ಹುಡುಗರು ಕಣ್ಣರಳಿಸಿ ಕೇಳುವ ‘ರೆಡ್ ರೂಮ್’, ಅಂದರೆ ಹಣ ಕೊಟ್ಟರೆ ಚಿತ್ರಹಿಂಸೆಯ ನೇರಪ್ರಸಾರ, ಕಟ್ಟುಕತೆ. ಅಷ್ಟು ನಿಧಾನದ ಜಾಲದಲ್ಲಿ ನೇರಪ್ರಸಾರ ನೋಡುವ ತಾಳ್ಮೆ ಯಾರಿಗಿದೆಯೋ!

ಮಾದಕ ವಸ್ತುಗಳ ಮಾರುಕಟ್ಟೆ ಮಾತ್ರ ನಿಜ. ನಕ್ಷತ್ರಗಳ ಅಂಕ, ಗ್ರಾಹಕರ ಅಭಿಪ್ರಾಯ, ಸರಕು ತಲುಪುವವರೆಗೆ ಹಣವನ್ನು ಮಧ್ಯವರ್ತಿ ಹಿಡಿದಿಡುವ ವ್ಯವಸ್ಥೆ, ಎಲ್ಲವೂ ಆನ್‌ಲೈನ್ ಅಂಗಡಿಯದೇ ಅಚ್ಚು. ಬಾಗಿಲಲ್ಲೇ ಒಂದು ಪರೀಕ್ಷೆ ಇರುತ್ತದೆ: ತಾಣದ ವಿಳಾಸದ 56 ಅಕ್ಷರಗಳಲ್ಲಿ ಬಿಟ್ಟುಹೋದವನ್ನು ತುಂಬಬೇಕು. ನಕಲಿ ತಾಣಗಳು ಅಷ್ಟು ಹೆಚ್ಚು. ಕಳ್ಳರಿಗೂ ಕಳ್ಳರ ಕಾಟ. ನಾನು ಆ ಬಾಗಿಲಿಂದಲೇ ಮರಳಿದೆ. ಆರ್ಡರ್ ಮಾಡಿದ್ದು ಕೊನೆಗೆ ಅಂಚೆಯಲ್ಲೋ ಕೊರಿಯರ್‌ನಲ್ಲೋ ಬರಲೇಬೇಕಲ್ಲ, ಸಿಕ್ಕಿಬೀಳುವುದು ಅಲ್ಲೇ. 2023ರಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೊ ಡಾರ್ಕ್ ವೆಬ್ ಮೂಲಕ ನಡೆಯುತ್ತಿದ್ದ ಜಾಲವೊಂದನ್ನು ಭೇದಿಸಿ ಸುಮಾರು 15 ಸಾವಿರ ಎಲ್‌ಎಸ್‌ಡಿ ಚೀಟಿಗಳನ್ನು ಹಿಡಿಯಿತು.

ಮಾರುಕಟ್ಟೆ ನಡೆಸುವವರನ್ನು ಕೆಡಿಸಿದ್ದೂ ಹಗಲಿನ ಇಂಟರ್ನೆಟ್ಟೇ. 2011ರಲ್ಲಿ ಸಿಲ್ಕ್ ರೋಡ್ ಎಂಬ ಮಾರುಕಟ್ಟೆ ಆರಂಭಿಸಿದ ರಾಸ್ ಉಲ್ಬ್ರಿಕ್ಟ್, ಹಿಂದೊಮ್ಮೆ ಬಹಿರಂಗ ಪೋಸ್ಟ್ ಒಂದರಲ್ಲಿ ತನ್ನದೇ ಹೆಸರಿನ ಜಿಮೇಲ್ ವಿಳಾಸ ಕೊಟ್ಟಿದ್ದ. 2013ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ, ಲ್ಯಾಪ್‌ಟಾಪ್ ತೆರೆದಿರುವಾಗಲೇ ಹಿಡಿದರು. 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2025ರ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. 2017ರಲ್ಲಿ ಆಲ್ಫಾಬೇ ಮುಚ್ಚಿದಾಗ ಅಲ್ಲಿಂದ ಓಡಿದವರು ಹನ್ಸಾ ಎಂಬ ಇನ್ನೊಂದು ಮಾರುಕಟ್ಟೆಗೆ ಗುಳೆ ಹೋದರು. ಅದನ್ನು ಆಗಲೇ ಡಚ್ ಪೊಲೀಸರು ಗುಟ್ಟಾಗಿ ವಶಕ್ಕೆ ಪಡೆದು ತಾವೇ ನಡೆಸುತ್ತಿದ್ದರು.

ಡಾರ್ಕ್ ವೆಬ್‌ನಲ್ಲಿ ಬಿಬಿಸಿಯೂ ಇದೆ, ಫೇಸ್‌ಬುಕ್ಕೂ ಇದೆ, ಕೊನೆಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೂಡ 2019ರಿಂದ ತನ್ನ ಬಾಗಿಲು ತೆರೆದಿದೆ. ಪತ್ರಕರ್ತರಿಗೆ ದಾಖಲೆ ತಲುಪಿಸುವ ಸೆಕ್ಯೂರ್‌ಡ್ರಾಪ್ ಇದೆ. ಸರ್ಕಾರ ಜಾಲತಾಣಗಳನ್ನು ಮುಚ್ಚಿಸಿದ ದೇಶಗಳವರಿಗೆ ಸುದ್ದಿ ಓದಲು ಉಳಿದ ಕೆಲವೇ ದಾರಿಗಳಲ್ಲಿ ಇದೂ ಒಂದು.

ಕಾರ್ಖಾನೆಯೊಳಗೆ ಕಳ್ಳರು ನುಗ್ಗಿದ್ದು ಹೇಗೆಂಬುದು ಇನ್ನೂ ಉಳಿದಿತ್ತು. ಅದಕ್ಕೆ ಟಾರ್ ಬೇಕಾಗಲಿಲ್ಲ. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ತಜ್ಞರು 2013ರಿಂದ ನಡೆಸುತ್ತಿರುವ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣವಿದೆ. ಸೋರಿಕೆಯಾದ ದತ್ತಾಂಶದಲ್ಲಿ ನಮ್ಮ ಇಮೇಲ್ ಇದೆಯೇ ಎಂದು ಅದು ಹೇಳುತ್ತದೆ. ಡೊಮೇನ್ ನಮ್ಮದೆಂದು ಸಾಬೀತು ಮಾಡಿದರೆ ಆ ಡೊಮೇನ್‌ನ ಎಲ್ಲ ವಿಳಾಸಗಳ ಜಾತಕವನ್ನೂ ತೆಗೆದುಕೊಡುತ್ತದೆ. ಲೆಕ್ಕಪತ್ರ ವಿಭಾಗದವರ ವಿಳಾಸ ‘ಸ್ಟೀಲರ್ ಲಾಗ್’ ಎಂಬ ಬಗೆಯ ಸಂಗ್ರಹದಲ್ಲಿತ್ತು. ಯಾವ ತಾಣದಲ್ಲಿ ಬಳಸಿದ ಗುರುತು ಎಂದು ನೋಡಿದರೆ ಕಾರ್ಖಾನೆಯ ವಿಪಿಎನ್ ಪುಟ, ಅಂದರೆ ಹೊರಗಿನಿಂದ ಕಾರ್ಖಾನೆಯ ನೆಟ್‌ವರ್ಕ್‌ಗೆ ಬರುವ ಬಾಗಿಲು.

ಸ್ಟೀಲರ್ ಎಂದರೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಲಾಗಿನ್ ನೆನಪಿಡುವ ಕುಕೀ, ಕಾರ್ಡ್ ಸಂಖ್ಯೆ ಎಲ್ಲವನ್ನೂ ಬಾಚಿ, ಆ ಕ್ಷಣದ ಪರದೆಯ ಚಿತ್ರವನ್ನೂ ತೆಗೆದು ಕಳುಹಿಸುವ ತಂತ್ರಾಂಶ. ಹೀಗೆ ಬಾಚಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. 2023ರಲ್ಲಿ ಮುಚ್ಚಿಸಿದ ಜೆನೆಸಿಸ್ ಮಾರ್ಕೆಟ್‌ನಲ್ಲಿ ಒಂದು ಡಾಲರ್‌ಗಿಂತ ಕಡಿಮೆ ಬೆಲೆಗೂ ಒಬ್ಬರ ಇಡೀ ಡಿಜಿಟಲ್ ಗುರುತು ಸಿಗುತ್ತಿತ್ತು. ಒಂದು ಪ್ಲೇಟ್ ಗಿರಮಿಟ್ಟು, ಮಿರ್ಚಿ ಭಜಿ ತಿಂದರೂ ಅದಕ್ಕಿಂತ ಹೆಚ್ಚಾಗುತ್ತದೆ.

ಲೆಕ್ಕಪತ್ರದವರು 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಮುಗಿಸಲು ರಾತ್ರಿ ಮನೆಯಿಂದ ವಿಪಿಎನ್ ಮೂಲಕ ಕೆಲಸ ಮಾಡುತ್ತಿದ್ದರು. ಒಟಿಪಿ ಇರಲಿಲ್ಲ, ಕಿರಿಕಿರಿ ಎಂದು ಕಚೇರಿಯಲ್ಲಿ ಯಾರೂ ಒಪ್ಪಿರಲಿಲ್ಲ. ಅವರ ಮನೆಯ ಕಂಪ್ಯೂಟರ್‌ನಲ್ಲೇ ಅಳಿಯನೊಬ್ಬ ಮದುವೆಯ ವಿಡಿಯೊ ಎಡಿಟ್ ಮಾಡುತ್ತಿದ್ದ. ಡೌನ್‌ಲೋಡ್ ಇತಿಹಾಸ ತೆರೆದೆ: ಯೂಟ್ಯೂಬ್ ವಿಡಿಯೊದ ಕೆಳಗಿನ ಕೊಂಡಿಯಿಂದ ಇಳಿಸಿದ, ಪಾಸ್‌ವರ್ಡ್ ಇರುವ ಜಿಪ್ ಕಡತ, ಎಡಿಟಿಂಗ್ ತಂತ್ರಾಂಶದ ಪುಕ್ಕಟೆ ಪ್ರತಿ. ಜಿಪ್‌ಗೆ ಪಾಸ್‌ವರ್ಡ್ ಹಾಕುವುದು ಆಂಟಿವೈರಸ್ ಒಳಗೆ ಇಣುಕದಿರಲಿ ಎಂದು. ಮುಂದೆ ವಿಂಡೋಸ್ ಡಿಫೆಂಡರ್‌ನ ವಿನಾಯಿತಿ ಪಟ್ಟಿ ತೆರೆದರೆ ಅಲ್ಲಿ ಒಂದೇ ಸಾಲು: ಇಡೀ ಸಿ ಡ್ರೈವ್. ಕಾವಲುಗಾರನಿಗೆ ಮನೆಯೊಳಗೆ ಎಲ್ಲೂ ನೋಡಬೇಡ ಎಂದು ಅಪ್ಪಣೆ ಕೊಟ್ಟಾಗಿತ್ತು.

ಆ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿದೆ. ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಕಂಪ್ಯೂಟರ್‌ನಿಂದ ಬದಲಿಸಿ, ಎಲ್ಲ ಕಡೆ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಒತ್ತಿಸಿದೆ. ಕುಕೀ ಕದ್ದವನಿಗೆ ಪಾಸ್‌ವರ್ಡ್ ಬದಲಿಸಿದರೂ ಬಾಗಿಲು ತೆರೆದೇ ಇರಬಹುದು, ಆದ್ದರಿಂದ ಇದು ಬಿಡುವಂತಿಲ್ಲ. ಈಗ ವಿಪಿಎನ್‌ಗೆ ಒಟಿಪಿ ಬಂದಿದೆ, ಕಿರಿಕಿರಿಯ ಮಾತು ನಿಂತಿದೆ. ಗದಗದಲ್ಲಿ ಮದುವೆ ಆಲ್ಬಂ ಮಾಡುವ ಸ್ಟುಡಿಯೊಗಳಿಗೆ ಹೋದಾಗಲೂ ಮೊದಲು ನಾನು ತೆರೆಯುವುದು ಆ ವಿನಾಯಿತಿ ಪಟ್ಟಿಯನ್ನೇ. ಖಾಲಿ ಇದ್ದದ್ದು ಅಪರೂಪ.

ಗಡುವು ಮುಗಿದ ಮೇಲೆ ನಮ್ಮ ಚೌಕದ ಕೆಂಪು ಗಡಿಯಾರ ಹೋಗಿ ಡೌನ್‌ಲೋಡ್ ಕೊಂಡಿ ಬಂತು. ಅಷ್ಟರಲ್ಲಿ ಮಾಲೀಕರು ಆ ಹೆಸರಿನ ಪಟ್ಟಿ ಹಿಡಿದು, ಡ್ರಾಯಿಂಗ್ ಹೋದ ಗ್ರಾಹಕರಿಗೆಲ್ಲ ತಾವೇ ಪತ್ರ ಬರೆದಿದ್ದರು, ಕಾರ್ಮಿಕರನ್ನೂ ಕರೆದು ಆಧಾರ್ ಪ್ರತಿಗಳ ವಿಷಯ ತಿಳಿಸಿ ಬಯೊಮೆಟ್ರಿಕ್ ಲಾಕ್ ಮಾಡಿಸಿದ್ದರು. ಒಬ್ಬ ಗ್ರಾಹಕ ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಆರ್ಡರ್ ಮುಂದುವರಿಸಿ, ಜೊತೆಗೆ ನಿಮ್ಮ ಭದ್ರತಾ ವ್ಯವಸ್ಥೆ ಏನೆಂದು ಕೇಳುವ ಉದ್ದನೆಯ ಪ್ರಶ್ನಾವಳಿ ಕಳುಹಿಸಿದರು. ಅದನ್ನು ಭರ್ತಿ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ.