ಡಬ್ಬಿ ತುಂಬಿದ್ದು ಓಣಿಯವರು ಕೂಡಿದಾಗ

"ಚಹಾ ಕುಡಿಸಿ ಯಾರರೆ ರೊಕ್ಕಾ ಎತ್ತತಾರೇನವಾ? ಅರವತ್ತಕ್ಕ ಅರಳು-ಮರಳು ಇದ್ದದ್ದ, ಅದಕ್ಯಾಕ ಚಂದಾ?" ಅಂದಿದ್ದರು ನಮ್ಮ ಮಹಿಳಾ ಮಂಡಳದ ಹಿರಿಯಕ್ಕ. ಮರೆವಿನ ಕಾಯಿಲೆಯ ಹಿರಿಯರಿರುವ ಮನೆಗಳಿಗೆ ನೆರವಾಗಲಿ ಅಂತ ನಾನು ಶುರು ಮಾಡಿದ ಚಹಾ ಕೂಟದ ಮಾತು ಇದು. ಈಗ ಹನ್ನೊಂದು ಕೂಟ ಮುಗಿದಿವೆ. ಕೂಟದ ಖರ್ಚು ಕಳೆದು ಮೂವತ್ತು ಸಾವಿರದ ಆಜೂಬಾಜು ಕೂಡಿದೆ. ಉಳ್ಳಾಗಡ್ಡಿ ಹೆಚ್ಚಲು ಎಲ್ಲರಿಗಿಂತ ಮೊದಲು ಬರುವವರು ಆ ಅಕ್ಕನೇ.

ಮೊದಲ ಸಲ ನೆಲ ಕಚ್ಚಿದ್ದೆ. ಸೆಪ್ಟೆಂಬರ್ 21, ವಿಶ್ವ ಅಲ್ಝೈಮರ್ ದಿನ ಅಂತ ಬಾಗಲಕೋಟೆಯ ನವನಗರದಲ್ಲಿ ಒಂದು ಹಾಲ್ ಹಿಡಿದು, ಸಂಜೆ ಐದಕ್ಕೆ ಚಹಾ, ಮಿರ್ಚಿ, ಗಿರ್ಮಿಟ್ ಇಟ್ಟೆ. ನೂರು ರೂಪಾಯಿಯ 200 ಕೂಪನ್ ಅಚ್ಚು ಹಾಕಿಸಿದ್ದೆ, ಮಾರಾಟವಾದದ್ದು ಮೂವತ್ತೋ ಮೂವತ್ತೈದೋ. ಬಾಡಿಗೆ, ಮೈಕು ಎಲ್ಲ ಸೇರಿ ಕೈಯಿಂದಲೇ ಎರಡು ಸಾವಿರ ಹೋಯಿತು. ಮರೆವಿನ ಕಾಯಿಲೆಯವರ ಮನೆಯಿಂದ ಒಬ್ಬರೂ ಬರಲಿಲ್ಲ.

ಹೇಗೆ ಬಂದಾರು? ಹೊತ್ತು ಇಳಿಯುತ್ತಲೇ ಇಂಥ ಕಾಯಿಲೆಯ ಹಲವರಿಗೆ ತಳಮಳ ಏರುತ್ತದೆ. ನಮ್ಮ ಅತ್ತೆಯೇ ದೀಪ ಹಚ್ಚುವ ಹೊತ್ತಿಗೆ ಸೀರೆ ಗಂಟು ಕಟ್ಟಿ "ಮನೀಗೆ ಹೋಗೂಣ ನಡಿ" ಅನ್ನುತ್ತಿದ್ದರು. ಅವರ ಮನೆ ಅಂದರೆ ಹಳೇ ಬಾಗಲಕೋಟೆಯ ಕಿಲ್ಲಾದ ಮನೆ. ಅದು ಆಲಮಟ್ಟಿ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷವಾಯಿತು.

ಅಲ್ಲೇ ನನಗೆ ದಾರಿ ಸಿಕ್ಕಿತು. ಕೂಟವನ್ನು ಮುಂಜಾನೆ ಹನ್ನೊಂದಕ್ಕೆ ತಂದೆ. ಕರೆಯುವಾಗ ಈಗಿರುವ ನವನಗರದ ಸೆಕ್ಟರ್ ನೋಡಲಿಲ್ಲ, ಮುಳುಗುವ ಮೊದಲಿದ್ದ ಹಳೇ ಓಣಿ ನೋಡಿದೆ. ಕಿಲ್ಲಾದವರು ಒಂದು ವಾರ, ವೆಂಕಟಪೇಟೆಯವರು ಇನ್ನೊಂದು ವಾರ, ಯಾರದಾದರೂ ಮನೆಯಂಗಳದಲ್ಲಿ. ಹಿರಿಯರನ್ನು ಕರೆತರುವುದು ಕಡ್ಡಾಯ. ನಾಲ್ಕು ದಿಕ್ಕಿಗೆ ಚೆದುರಿದ್ದ ನೆರೆಹೊರೆಯವರು ಮತ್ತೆ ಒಂದು ಚಾಪೆಯ ಮೇಲೆ ಕುಳಿತರು. ಮಗನ ಹೆಸರು ಮರೆತಿದ್ದ ಅತ್ತೆ ಚಹಾ ಬಸಿಗೆ ಸುರಿದು, ಊದಿ, ಪಕ್ಕದವರ ಮುಂದೆ ಹಿಡಿದು "ಕುಡಿ, ನಿಮ್ಮ ಬಾವಿ ನೀರು ಸಪ್ಪ ಇತ್ತು" ಅಂದರು. ಆಕೆ ಬಸಿ ಹಿಡಿದೇ ಅತ್ತುಬಿಟ್ಟರು.

ಗಿರ್ಮಿಟ್ ಬಿಟ್ಟೆ. ಒಣ ಚುರುಮರಿ ಒಬ್ಬ ಅಜ್ಜನ ಗಂಟಲಿಗೆ ಸಿಕ್ಕು ಎಲ್ಲರ ಜೀವ ಬಾಯಿಗೆ ಬಂದಿತ್ತು. ಈಗ ಚುರುಮರಿ ಮೆತ್ತಗೆ ನೆನೆಸಿ ಮಾಡುವ ಸುಸಲಾ. ಬೆಲ್ಲದ ಚಹಾ ಮಾಡಹೋಗಿ ಮೂರು ಲೀಟರ್ ಹಾಲು ಒಡೆಸಿದ್ದೂ ಆಯಿತು. ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಬೇಕಿತ್ತು. ಹೋಳಿ ನೆನಪಾಗಲಿ ಅಂತ ಒಮ್ಮೆ ಹಲಗೆ ಬಾರಿಸಿದೆವು. ಇಬ್ಬರು ಎದ್ದು ಹೆಜ್ಜೆ ಹಾಕಿದರು, ಒಬ್ಬ ಅಜ್ಜಿ ಹೆದರಿ ಕೋಣೆ ಸೇರಿದರು. ಮತ್ತೆ ಹಲಗೆ ತರಲಿಲ್ಲ.

ಕೂಪನ್ ತೆಗೆದು ಮುಚ್ಚಿದ ಸ್ಟೀಲ್ ಡಬ್ಬಿ ಇಟ್ಟೆ. ಮೂವತ್ತು ಜನಕ್ಕೆ ಹಾಲು, ಚುರುಮರಿ, ಎಲ್ಲ ಸೇರಿ ಏಳುನೂರು ಖರ್ಚು. ಡಬ್ಬಿಯಲ್ಲಿ ಮೂರೂವರೆ ಸಾವಿರಕ್ಕೆ ಕಡಿಮೆ ಬಿದ್ದದ್ದು ಎರಡೇ ಸಲ. ಫೋನ್‌ಪೇ ಹಾಳೆ ಅಂಟಿಸಿದಾಗ ಎಲ್ಲರೂ ಇಪ್ಪತ್ತು, ಐವತ್ತಕ್ಕೆ ನಿಂತರು, ಕಿತ್ತು ಹಾಕಿದೆ. ಡಬ್ಬಿ ಮೊದಲು ಯಾರ ಕೈಗೆ ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದು ಕೂಟಕ್ಕೆ ಬಂದು ಕುಳಿತರೆ ತಿಳಿಯುತ್ತದೆ.

ಆ ರೊಕ್ಕದಲ್ಲಿ ಎರಡು ಮನೆಗೆ ದಿನಕ್ಕೆ ಮೂರು ತಾಸು ಹಿರಿಯರನ್ನು ನೋಡಿಕೊಳ್ಳುವ ಹೆಣ್ಣುಮಗಳನ್ನು ಇಟ್ಟಿದ್ದೇವೆ, ತಿಂಗಳಿಗೆ ತಲಾ ಮೂರು ಸಾವಿರ. ಆ ಮನೆಗಳಲ್ಲಿ ಒಂದರ ಸೊಸೆ ಎರಡು ವರ್ಷದ ಮೇಲೆ ಮೊನ್ನೆ ತವರಿಗೆ ಹೋಗಿ, ಒಂದು ಹೊತ್ತು ಉಂಡು ಬಂದಳು.