ಸೋಲಾರ್ ನೀರಿಗೆ ಸರ್ಕಾರ ಕೊಡೋದೆಷ್ಟು, ಉಳಿಯೋದೆಷ್ಟು

ದಾವಣಗೆರೆಯಲ್ಲಿ ಸೋಲಾರ್ ವಾಟರ್ ಹೀಟರ್‌ಗೆ ಅಳತೆ ತೆಗೆಯಲು ಮಾಳಿಗೆ ಹತ್ತಿದರೆ ಮೊದಲ ಪ್ರಶ್ನೆ, ‘ಸಬ್ಸಿಡಿ ಎಷ್ಟು ಬರುತ್ತೆ?’ ನೀರು ಕಾಯಿಸುವ ಸೋಲಾರ್‌ಗೆ ಕೇಂದ್ರ ಕೊಡುತ್ತಿದ್ದ ಶೇ 30ರ ಸಹಾಯಧನ 2014ರಲ್ಲೇ ನಿಂತಿತು. ಈಗ ಎಲ್ಲರ ಬಾಯಲ್ಲಿರುವ 78,000 ರೂಪಾಯಿ 2024ರ ಪಿಎಂ ಸೂರ್ಯಘರ್ ಯೋಜನೆಯದು. ಅದು ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ, ಅದೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ. ನೀರಿನ ಸೋಲಾರ್‌ಗೂ ಅದಕ್ಕೂ ಸಂಬಂಧವಿಲ್ಲ.

ಉಳಿದಿರುವ ರಿಯಾಯಿತಿ ಬೆಸ್ಕಾಂ ಬಿಲ್ಲಿನದು: ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಮೀಟರ್‌ನ ಆರ್.ಆರ್. ನಂಬರ್, ಖರೀದಿ ಬಿಲ್, ಮಾಳಿಗೆ ಮೇಲೆ ಕೂರಿಸಿದ ಹೀಟರ್‌ನ ಫೋಟೊ, ಹಿಂದಿನ ತಿಂಗಳ ಕರೆಂಟ್ ಬಿಲ್ ಜೋಡಿಸಿ ನಿಮ್ಮ ಭಾಗದ ಬೆಸ್ಕಾಂ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಮಂಜೂರಾದರೆ ಬಿಲ್ಲಿನಲ್ಲಿ ಕಡಿತ ಬರಬೇಕು. ಬರದಿದ್ದರೆ ಮತ್ತೆ ಹೋಗಿ ಕೇಳಬೇಕು. ಅಪಾರ್ಟ್‌ಮೆಂಟ್‌ಗೆ ಒಟ್ಟಾಗಿ ಒಂದೇ ದೊಡ್ಡ ಸಿಸ್ಟಂ ಹಾಕಿದರೂ ಪ್ರತಿ ಮನೆಗೆ ರಿಯಾಯಿತಿ ಉಂಟು, ಆದರೆ ಮನೆಗೆ ಕನಿಷ್ಠ 100 ಲೀಟರ್ ಲೆಕ್ಕ ಕೂಡಬೇಕು. ಹಾಸ್ಟೆಲ್, ಲಾಡ್ಜ್ ನಡೆಸುವವರು ಆದಾಯ ತೆರಿಗೆಯಲ್ಲಿ ಶೇ 40ರ ಸವಕಳಿ (ಡಿಪ್ರಿಸಿಯೇಶನ್) ತೋರಿಸಬಹುದು. ಇದನ್ನು ಆಡಿಟರ್ ಹತ್ತಿರ ಮಾತಾಡಿ. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಬಂದವರಿಂದ ಶೇ 5ರಲ್ಲೇ ಹೊಸದನ್ನು ಬರೆಸಿ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ತಿಂಗಳು ಈ 50 ರೂಪಾಯಿ ಕಡಿಯಲು ಏನೂ ಇರುವುದಿಲ್ಲ. ಆದರೆ ದುಡ್ಡು ಇರುವುದು ಇಲ್ಲೇ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 25 ಡಿಗ್ರಿಯ 100 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ದಿನವೂ ಅಷ್ಟು ಬಿಸಿನೀರು ಬಳಸುವ ಮನೆಯಲ್ಲಿ ಗೀಸರ್ ಒಂದೇ ತಿಂಗಳಿಗೆ 100 ಯೂನಿಟ್ ಮೇಲೆ ಎಳೆಯುತ್ತದೆ. ಗೀಸರ್ ಸೇರಿ 230 ಓಡುವ ಮನೆ ಸೋಲಾರ್ ಬಂದ ಮೇಲೆ 150ರ ಆಸುಪಾಸಿಗೆ ಇಳಿದರೆ, ಆ ಮನೆಗೆ ನಿಗದಿಯಾದ ಉಚಿತ ಯೂನಿಟ್‌ಗಿಂತ ಹೆಚ್ಚಿಗೆ ಬಳಸಿದ್ದಕ್ಕಷ್ಟೇ ಹಣ.

ಈ ಲೆಕ್ಕ ಕೂಡಬೇಕಾದರೆ ನೀರು ನಿಜವಾಗಿ ಕಾಯಬೇಕು. ಬಕೆಟ್‌ನಲ್ಲಿ ಸ್ನಾನ ಮಾಡುವ ನಾಲ್ವರಿಗೆ 100 ಲೀಟರ್ ಸಾಕು: 60 ಡಿಗ್ರಿಯ 100 ಲೀಟರ್‌ಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 230 ಲೀಟರ್ ಆಗುತ್ತದೆ. ಶವರ್ ಇದ್ದರೆ 200 ಲೀಟರ್‌ನದು ನೋಡಿ.

ಪ್ಯಾನೆಲ್ ಮುಖ ದಕ್ಷಿಣಕ್ಕೆ. ನಮ್ಮೂರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಚಳಿಗಾಲದ ಬಿಸಿಲು ಹಿಡಿಯಲು ಅದಕ್ಕೆ 15 ಸೇರಿಸಿ 30 ಡಿಗ್ರಿ ಓರೆ ಇಡುತ್ತೇವೆ. ಕೋನಮಾಪಕ ಬೇಡ, 2 ಮೀಟರ್ ಉದ್ದದ ಪ್ಯಾನೆಲ್‌ನ ಮೇಲ್ತುದಿ ಕೆಳತುದಿಗಿಂತ 1 ಮೀಟರ್ ಎತ್ತರವಿದ್ದರೆ ಸರಿ. ಡಿಸೆಂಬರ್ ನಡುಹಗಲಲ್ಲೂ 10 ಅಡಿ ಗೋಡೆಯ ನೆರಳು 8 ಅಡಿ ಚಾಚುತ್ತದೆ, ಬೆಳಿಗ್ಗೆ ಇನ್ನೂ ಉದ್ದ. ಬೇಸಿಗೆಯಲ್ಲಿ ಜಾಗ ಗುರುತಿಸಿದವರು ಪಕ್ಕದ ಮನೆ ಟ್ಯಾಂಕಿನ ನೆರಳಿಗೆ ಸಿಕ್ಕುವುದು ಹೀಗೆ.

ಗ್ಲಾಸ್ ಟ್ಯೂಬೋ, ತಾಮ್ರದ ಪ್ಯಾನೆಲ್ಲೋ ಎಂಬುದನ್ನು ನೀರು ತೀರ್ಮಾನಿಸಬೇಕು. ಚಿತ್ರದುರ್ಗದ ಕಡೆಯ ಗಡಸು ಬೋರ್ ನೀರಿಗೆ ಪ್ಯಾನೆಲ್‌ನ ಅರ್ಧ ಇಂಚಿನ ತಾಮ್ರದ ಪೈಪುಗಳಲ್ಲಿ ಸುಣ್ಣ ಕಟ್ಟಿ ಹರಿವು ನಿಲ್ಲುತ್ತದೆ. ಅಲ್ಲಿ ಟ್ಯೂಬ್ ವಾಸಿ. ಸುಣ್ಣ ಕಟ್ಟಿದರೂ ಬಿಚ್ಚಿ ತೊಳೆಯಬಹುದು. ನದಿ ನೀರು ಬರುವ ಬಡಾವಣೆಗಳಿಗೆ ಪ್ಯಾನೆಲ್ ಒಗ್ಗುತ್ತದೆ. ಟ್ಯೂಬ್‌ನ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನಂತೆ ಬೆಳ್ಳಗಾದರೆ ಒಳಗಿನ ನಿರ್ವಾತ ಹೋಯಿತೆಂದೇ ಅರ್ಥ, ಆ ಒಂದು ಟ್ಯೂಬ್ ಬದಲಿಸಿ. ಖಾಲಿ ಟ್ಯೂಬ್‌ಗೆ ಮಟಮಟ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಬೆಳಕು ಹರಿಯುವ ಮೊದಲೇ ತುಂಬಿಸಿ.

ದೂರುಗಳಲ್ಲಿ ಬಹುಪಾಲು ಪೈಪ್‌ನವು. ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ಟ್ಯಾಂಕಿನ ತಲೆಗಿಂತ ಕನಿಷ್ಠ ಒಂದಡಿ ಮೇಲಿರಬೇಕು. ಬಿಸಿನೀರಿನ ಟ್ಯಾಂಕಿನ ತಲೆಯಿಂದ ಮೇಲೇಳುವ ಏರ್ ಪೈಪ್ ತಣ್ಣೀರಿನ ಟ್ಯಾಂಕಿನ ತುಂಬು ಮಟ್ಟವನ್ನೂ ದಾಟಿ ನಿಲ್ಲಬೇಕು, ಇಲ್ಲದಿದ್ದರೆ ನೀರು ಹಗಲಿರುಳು ಅಲ್ಲಿಂದ ಸುರಿಯುತ್ತದೆ. ಆ ಸುರಿತ ನಿಲ್ಲಿಸಲು ಕೆಲವರು ಬಾಯಿಗೆ ಕ್ಯಾಪ್ ಹಾಕುತ್ತಾರೆ. ಹಬೆಗೆ ದಾರಿ ಇಲ್ಲದೆ ಟ್ಯಾಂಕ್ ಉಬ್ಬುತ್ತದೆ, ಒಳಗೆ ಗಾಳಿ ಹೋಗದೆ ಖಾಲಿಯಾದರೆ ನೆಗ್ಗುತ್ತದೆ. ಪ್ರೆಷರ್ ಪಂಪ್ ಇರುವ ಮನೆಗೆ ಸಾಮಾನ್ಯ ಟ್ಯಾಂಕ್ ಬೇಡ, ಒತ್ತಡ ತಡೆಯುವುದನ್ನೇ ಕೇಳಿ.

ಬಿಸಿನೀರಿಗೆ ಬರೀ ಪಿವಿಸಿ ಮೆತ್ತಗಾಗಿ ಬಾಗುತ್ತದೆ. ಜಿಐ (ಕಬ್ಬಿಣದ್ದು) ಇಲ್ಲವೇ ಬಿಸಿ ತಡೆಯುವ ಸಿಪಿವಿಸಿ ಹಾಕಿ, ಮೇಲೆ ಫೋಮ್ ಸುತ್ತಿ. ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಹೋದರೆ ಅದರಲ್ಲಿ ನಿಲ್ಲುವ ಸುಮಾರು 6 ಲೀಟರ್ ತಣ್ಣೀರು ದಿನವೂ ಮೊದಲು ಮೋರಿಗೆ ಹೋಗುತ್ತದೆ. ಹಾಗಾಗಿ ಟ್ಯಾಂಕ್ ಬಚ್ಚಲಿನ ನೇರಕ್ಕೇ ಇರಲಿ.

ಟ್ಯಾಂಕ್ ಸುಡುತ್ತಿದ್ದೂ ನಲ್ಲಿಯಲ್ಲಿ ಉಗುರುಬೆಚ್ಚಗೆ ಬಂದರೆ ಪ್ಯಾನೆಲ್ ಬಿಚ್ಚಲು ಹೋಗಬೇಡಿ. ಎಲ್ಲೋ ಒಂದು ಮಿಕ್ಸರ್‌ನಲ್ಲಿ ಎರಡೂ ತಿರುಪು ತೆರೆದು, ತುದಿಯ ನಲ್ಲಿ ಮಾತ್ರ ಮುಚ್ಚಿರುತ್ತಾರೆ. ತಣ್ಣೀರು ಅಲ್ಲಿಂದ ಬಿಸಿ ಲೈನಿಗೆ ನುಗ್ಗುತ್ತದೆ. ಆ ಮಿಕ್ಸರ್‌ಗೆ ಬರುವ ಬಿಸಿ ಲೈನಿಗೆ ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಆಯಿತು.